ಲೈಸೆನ್ಸ್ ಸರ್ವರ್ ಯಾಕೆ ಉತ್ತರಿಸುತ್ತಿಲ್ಲ? ಓದುಗರ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನೆಟ್‌ವರ್ಕ್ ಲೈಸೆನ್ಸಿನ ಬಗ್ಗೆಯೇ, ಅಂದರೆ ಒಂದು ಸರ್ವರಿನಲ್ಲಿಟ್ಟು ಎಲ್ಲ ಕಂಪ್ಯೂಟರುಗಳೂ ಹಂಚಿಕೊಳ್ಳುವ ಸಾಫ್ಟ್‌ವೇರ್ ಪರವಾನಗಿಯ ಬಗ್ಗೆ. ಕರಾವಳಿಯವರದೂ ಅದೇ ದೂರು, ಘಟ್ಟದ ಮೇಲಿನವರದೂ ಅದೇ ದೂರು: ‘ಲೈಸೆನ್ಸ್ ಸಿಗುತ್ತಿಲ್ಲ’. ಇಷ್ಟೇ ಬರೆದರೆ ಉತ್ತರ ಹೇಳುವುದು ಕಷ್ಟ. ಪರದೆಯ ಮೇಲೆ ಬಂದ ದೋಷದ ಸಂಖ್ಯೆ ಬರೆಯಿರಿ. ಜೊತೆಗೆ ಸರ್ವರ್ ತನ್ನ ನಡೆಯನ್ನು ಬರೆದಿಡುವ ಡೀಬಗ್ ಲಾಗ್ ಫೈಲಿನ ಕೊನೆಯ ಮೂವತ್ತು ಸಾಲು ಕಳಿಸಿ. ಮುಕ್ಕಾಲು ಪಾಲು ಉತ್ತರ ಆ ಸಾಲುಗಳಲ್ಲೇ ಇರುತ್ತದೆ.

ಪ್ರಶ್ನೆ: ನಮ್ಮದು ಕಟ್ಟಡ ವಿನ್ಯಾಸದ ಕಚೇರಿ. ವಿಂಡೋಸ್ ಸರ್ವರಿನಲ್ಲಿ ಲೈಸೆನ್ಸ್ ಹಂಚುವ ಫ್ಲೆಕ್ಸ್‌ನೆಟ್ ಲೈಸೆನ್ಸ್ ಮ್ಯಾನೇಜರ್ ಇದೆ. ರಾತ್ರಿ ಕರೆಂಟು ಹೋಗಿ ಬಂದರೆ ಮರುದಿನ ಬೆಳಿಗ್ಗೆ ಯಾರಿಗೂ ಲೈಸೆನ್ಸ್ ಸಿಗುವುದಿಲ್ಲ. ಸರ್ವೀಸಸ್ ಪಟ್ಟಿಯಲ್ಲಿ ನೋಡಿದರೆ ಸರ್ವೀಸ್ ‘ರನ್ನಿಂಗ್’ ಎಂದೇ ಇರುತ್ತದೆ. ಅದರ ನಿರ್ವಹಣೆಗಿರುವ ಎಲ್‌ಎಂಟೂಲ್ಸ್ ತೆರೆದು ಸ್ಟಾಪ್ ಮಾಡಿ ಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಮಳೆಗಾಲ ಪೂರ್ತಿ ಹೀಗೇ ಮಾಡುತ್ತಿರಬೇಕೇ? (ಕಾರವಾರ)

ಉತ್ತರ: ಬೇಕಿಲ್ಲ. ಅಲ್ಲಿ ಓಡುವ ಪ್ರೋಗ್ರಾಮು ಒಂದಲ್ಲ, ಎರಡು. ಎಲ್‌ಎಂಜಿಆರ್‌ಡಿ ಎಂಬುದು ಬಾಗಿಲಲ್ಲಿ ಕೂತು ‘ಆ ಕೌಂಟರಿಗೆ ಹೋಗಿ’ ಎಂದು ಕೈ ತೋರಿಸುವ ಸಿಬ್ಬಂದಿಯ ಹಾಗೆ. ಲೈಸೆನ್ಸ್ ಎಣಿಸಿ ಕೊಡುವುದು ವೆಂಡರ್ ಡೀಮನ್, ಅಂದರೆ ಸಾಫ್ಟ್‌ವೇರ್ ಮಾಡಿದ ಕಂಪನಿಯದೇ ಹಿನ್ನೆಲೆ ಪ್ರೋಗ್ರಾಮು. ಇದು ಪ್ರತಿ ಕಂಪನಿಗೂ ಬೇರೆ: ಆಟೋಡೆಸ್ಕ್‌ಗೆ ಆಡ್‌ಸ್ಕ್‌ಫ್ಲೆಕ್ಸ್, ಮ್ಯಾಟ್‌ಲ್ಯಾಬ್‌ಗೆ ಎಂಎಲ್‌ಎಂ, ಆನ್ಸಿಸ್‌ಗೆ ಆನ್ಸಿಸ್‌ಎಲ್‌ಎಂಡಿ. ಸರ್ವೀಸಸ್ ಪಟ್ಟಿ ನಿಮಗೆ ತೋರಿಸುವುದು ಎಲ್‌ಎಂಜಿಆರ್‌ಡಿಯ ಸ್ಥಿತಿಯನ್ನು ಮಾತ್ರ. ವೆಂಡರ್ ಡೀಮನ್ ಸತ್ತು ಬಿದ್ದಿದ್ದರೂ ಅಲ್ಲಿ ‘ರನ್ನಿಂಗ್’ ಎಂದೇ ಇರುತ್ತದೆ.

ಅದು ಯಾಕೆ ಸಾಯುತ್ತದೆ? ಲೈಸೆನ್ಸ್ ಫೈಲಿನ ಮೊದಲ ಸಾಲಿನಲ್ಲಿ ಸರ್ವರಿನ ಹೆಸರು, ಹೋಸ್ಟ್ ಐಡಿ (ಆ ಯಂತ್ರದ ಗುರುತು), ಪೋರ್ಟ್ (ಪ್ರೋಗ್ರಾಮನ್ನು ತಲುಪುವ ಬಾಗಿಲ ಸಂಖ್ಯೆ) ಇರುತ್ತವೆ. ಹೋಸ್ಟ್ ಐಡಿ ಸಾಮಾನ್ಯವಾಗಿ ನೆಟ್‌ವರ್ಕ್ ಕಾರ್ಡಿನ ಹನ್ನೆರಡು ಅಂಕೆಯ ಮ್ಯಾಕ್ ವಿಳಾಸ. ಈಗಿನ ಎಸ್‌ಎಸ್‌ಡಿ ಹಾಕಿದ ಸರ್ವರ್ ಅರ್ಧ ನಿಮಿಷದಲ್ಲಿ ಎದ್ದು ಕೂರುತ್ತದೆ, ಆದರೆ ಅದೇ ಹೊತ್ತಿಗೆ ಕರೆಂಟು ಸಿಕ್ಕ ನೆಟ್‌ವರ್ಕ್ ಸ್ವಿಚ್ಚಿಗೆ ಇನ್ನೂ ಪೂರ್ತಿ ಎಚ್ಚರವಾಗಿರುವುದಿಲ್ಲ. ಮ್ಯಾನೇಜ್ಡ್ ಸ್ವಿಚ್ಚಾದರೆ ಎದ್ದ ಮೇಲೂ ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕಿನಲ್ಲಿ ಸುತ್ತು ಬೀಳದಂತೆ ನೋಡುವ) ಲೆಕ್ಕಕ್ಕೆಂದು ಕೇಬಲ್ ಸಿಕ್ಕಿಸುವ ಪೋರ್ಟನ್ನು ಇನ್ನೂ 30 ಸೆಕೆಂಡು ತಡೆದಿಡುತ್ತದೆ. ನೆಟ್‌ವರ್ಕ್ ಇನ್ನೂ ಸಿದ್ಧವಿಲ್ಲದ ಆ ಗಳಿಗೆಯಲ್ಲಿ ವೆಂಡರ್ ಡೀಮನ್ ಮ್ಯಾಕ್ ಹುಡುಕುತ್ತದೆ, ಸಿಗುವುದಿಲ್ಲ, ‘ರಾಂಗ್ ಹೋಸ್ಟ್‌ಐಡಿ’ ಎಂದು ಲಾಗಿನಲ್ಲಿ ಬರೆದು ಹೊರಟುಹೋಗುತ್ತದೆ. ಬೆಳಿಗ್ಗೆ ನೀವು ಸ್ಟಾರ್ಟ್ ಒತ್ತುವಾಗ ನೆಟ್‌ವರ್ಕ್ ಇರುತ್ತದೆ, ಹಾಗಾಗಿ ಎಲ್ಲ ಸರಿಯಾಗಿ ಕಾಣುತ್ತದೆ. ಬೆಳಗಿನ ಲಾಗಿನಲ್ಲಿ ಆ ಸಾಲು ಇದೆಯೇ ನೋಡಿ. ಇದ್ದರೆ ರೋಗ ಇದೇ.

ಸರ್ವೀಸಸ್‌ನಲ್ಲಿ ಆ ಸರ್ವೀಸಿನ ಪ್ರಾಪರ್ಟೀಸ್ ತೆರೆದು ಸ್ಟಾರ್ಟಪ್ ಟೈಪನ್ನು ‘ಆಟೋಮ್ಯಾಟಿಕ್ (ಡಿಲೇಡ್ ಸ್ಟಾರ್ಟ್)’ ಮಾಡಿ. ಆಗ ಉಳಿದ ಸರ್ವೀಸುಗಳೆಲ್ಲ ಎದ್ದು ಸುಮಾರು ಎರಡು ನಿಮಿಷದ ಮೇಲೆ ಇದು ಏಳುತ್ತದೆ. ಎಲ್‌ಎಂಟೂಲ್ಸ್‌ನ ಕಾನ್ಫಿಗ್ ಸರ್ವೀಸಸ್‌ನಲ್ಲಿ ‘ಯೂಸ್ ಸರ್ವೀಸಸ್’, ‘ಸ್ಟಾರ್ಟ್ ಸರ್ವರ್ ಅಟ್ ಪವರ್ ಅಪ್’ ಎರಡಕ್ಕೂ ಟಿಕ್ ಇರಲಿ. ಮುಂದೆ ಅಲ್ಲಿ ಏನಾದರೂ ಬದಲಿಸಿ ಸೇವ್ ಮಾಡಿದರೆ ಡಿಲೇಡ್ ಸ್ಟಾರ್ಟ್ ಉಳಿದಿದೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳಿ. ಮತ್ತೆ, ಸರ್ವರನ್ನು ಮಾತ್ರ ಯುಪಿಎಸ್‌ಗೆ ಸೇರಿಸಿ ಸ್ವಿಚ್ಚನ್ನು ಗೋಡೆಯ ಪ್ಲಗ್ಗಿಗೇ ಬಿಟ್ಟಿರುವುದು ಹಲವು ಕಚೇರಿಗಳಲ್ಲಿ ಕಾಣುವ ದೃಶ್ಯ. ಸ್ವಿಚ್ಚು ತಿನ್ನುವುದು ಕೆಲವೇ ವ್ಯಾಟ್. ಅದನ್ನೂ ಯುಪಿಎಸ್‌ಗೆ ಸೇರಿಸಿ.

ಪ್ರಶ್ನೆ: ಕಾಲೇಜಿನ ಲ್ಯಾಬಿನಲ್ಲಿ 40 ಕಂಪ್ಯೂಟರುಗಳಿವೆ. ರೌಟರ್ ಬದಲಿಸಿದ ಮೇಲೆ ಸಾಫ್ಟ್‌ವೇರ್ ‘ಸರ್ವರ್ ಸಂಪರ್ಕವಾಗುತ್ತಿಲ್ಲ’ ಎನ್ನುತ್ತದೆ, -15 ಬರುತ್ತದೆ, ಕೆಲವೊಮ್ಮೆ -96. ಸರ್ವರಿಗೆ ಪಿಂಗ್ ಹೋಗುತ್ತದೆ. ಫೈರ್‌ವಾಲ್‌ನಲ್ಲಿ 27000 ತೆರೆದಿದ್ದೇವೆ. ಫೈರ್‌ವಾಲ್ ಪೂರ್ತಿ ಆಫ್ ಮಾಡಿದರೆ ಎಲ್ಲ ನಡೆಯುತ್ತದೆ. ಆಫ್ ಮಾಡಿಯೇ ಇಡಬಹುದೇ? (ಕುಮಟಾ)

ಉತ್ತರ: ಇಡಬೇಡಿ. ವಿದ್ಯಾರ್ಥಿಗಳ ಪೆನ್‌ಡ್ರೈವ್ ಓಡಾಡುವ ಲ್ಯಾಬದು.

ನೀವು ತೆರೆದ 27000 ಎಲ್‌ಎಂಜಿಆರ್‌ಡಿಯದು. ಕಂಪ್ಯೂಟರ್ ಮೊದಲು ಅಲ್ಲಿಗೆ ಹೋಗುತ್ತದೆ, ಅಲ್ಲಿಂದ ವೆಂಡರ್ ಡೀಮನ್ನಿನ ಪೋರ್ಟ್ ಸಂಖ್ಯೆ ಪಡೆದು ಎರಡನೇ ಸಂಪರ್ಕ ಮಾಡುತ್ತದೆ. ಲೈಸೆನ್ಸ್ ಫೈಲಿನಲ್ಲಿ ವೆಂಡರ್ ಡೀಮನ್ನಿಗೆ ಪೋರ್ಟ್ ಬರೆಯದೇ ಇದ್ದರೆ ಪ್ರತಿ ಸಲ ಸ್ಟಾರ್ಟ್ ಆದಾಗ ವಿಂಡೋಸ್ ಕೊಟ್ಟ ಯಾವುದೋ ಖಾಲಿ ಪೋರ್ಟ್, ಸಾಮಾನ್ಯವಾಗಿ 49152ರಿಂದ ಮೇಲಿನದು, ಅದಕ್ಕೆ ಸಿಗುತ್ತದೆ. ಇಂದು 49731, ನಾಳೆ 50212. ಫೈರ್‌ವಾಲ್ ಅದನ್ನು ತಡೆಯುತ್ತದೆ. ಹಿಂದೆ ನಡೆಯುತ್ತಿದ್ದುದು ಯಾಕೆಂದರೆ ಮೊದಲ ಸಲ ಯಾರೋ ವೆಂಡರ್ ಡೀಮನ್ ಪ್ರೋಗ್ರಾಮಿಗೇ ‘ಪ್ರೈವೇಟ್’ ನೆಟ್‌ವರ್ಕಿನಲ್ಲಿ ಅನುಮತಿ ಕೊಟ್ಟಿರುತ್ತಾರೆ. ರೌಟರ್ ಬದಲಾದಾಗ ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಎಂದು ತಿಳಿದು ‘ಪಬ್ಲಿಕ್’ ಎಂದು ಗುರುತು ಹಾಕುತ್ತದೆ, ಹಳೆಯ ಅನುಮತಿ ಅಲ್ಲಿಗೆ ಅನ್ವಯಿಸುವುದಿಲ್ಲ.

ಹೀಗೆ ಮಾಡಿ. ಸರ್ವರಿನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್ ತೆರೆದು ಪ್ರೊಫೈಲನ್ನು ಪ್ರೈವೇಟ್ ಮಾಡಿ. ಆಮೇಲೆ ಲೈಸೆನ್ಸ್ ಫೈಲಿನ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಂಡು ಮೂಲವನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಮೇಲಿನ ಎರಡು ಸಾಲು ಇಂಗ್ಲಿಷ್ ಅಕ್ಷರಗಳಲ್ಲಿ ಹೀಗಿರುತ್ತವೆ:

ಸರ್ವರ್ ಲ್ಯಾಬ್‌ಲಿಕ್ 001ಎ2ಬಿ3ಸಿ4ಡಿ5ಇ
ವೆಂಡರ್ ಎಂಎಲ್‌ಎಂ

ಮೊದಲ ಸಾಲಿನ ಕೊನೆಗೆ 27000 ಸೇರಿಸಿ. ಪೋರ್ಟ್ ಇಲ್ಲದಿದ್ದರೆ ಅದು 27000ದಿಂದ 27009ರೊಳಗೆ ಯಾವುದು ಖಾಲಿಯೋ ಅದರಲ್ಲಿ ಕೂರುತ್ತದೆ. ಎರಡನೆಯ ಸಾಲಿನ ಕೊನೆಗೆ, ಒಂದು ಜಾಗ ಬಿಟ್ಟು, ಪೋರ್ಟ್=27010 ಎಂದು ಬರೆಯಿರಿ. ಸಮ ಚಿಹ್ನೆಯ ಆಚೆ ಈಚೆ ಜಾಗ ಬಿಡಬೇಡಿ. ಅದೇ ಸಾಲಿನಲ್ಲಿ ಡೀಮನ್ ಇರುವ ಫೋಲ್ಡರಿನ ದಾರಿ ಬರೆದಿದ್ದರೆ ಪೋರ್ಟ್ ಅದರ ನಂತರ ಬರಲಿ. ಈ ಫೈಲಿನಲ್ಲಿ ನೀವು ಕೈಯಿಡಬಹುದಾದದ್ದು ಸರ್ವರಿನ ಹೆಸರು, ಎರಡು ಪೋರ್ಟು ಮತ್ತು ಫೋಲ್ಡರಿನ ದಾರಿ, ಇಷ್ಟೇ. ಹೋಸ್ಟ್ ಐಡಿಯನ್ನೋ ಕೆಳಗಿನ ಫೀಚರ್ ಸಾಲುಗಳ (ಯಾವ ಸಾಫ್ಟ್‌ವೇರಿಗೆ ಎಷ್ಟು ಸೀಟು ಎಂದು ಹೇಳುವ ಸಾಲುಗಳು) ದಿನಾಂಕ, ಸಂಖ್ಯೆಗಳನ್ನೋ ಒಂದಕ್ಷರ ಮುಟ್ಟಿದರೂ ಕಂಪನಿಯ ಡಿಜಿಟಲ್ ಸಹಿ ಹೊಂದದೆ -8 ಬರುತ್ತದೆ.

ಈ ಬದಲಾವಣೆಗೆ ರೀರೀಡ್ (ಫೈಲನ್ನು ಮತ್ತೆ ಓದಿಸುವುದು) ಸಾಲದು, ಸರ್ವೀಸ್ ಪೂರ್ತಿ ನಿಲ್ಲಿಸಿ ಶುರುಮಾಡಬೇಕು. ನಿಲ್ಲಿಸಿದ ಕೂಡಲೇ ಶುರುಮಾಡಿದರೆ ಹಳೆಯ ಪೋರ್ಟ್ ಇನ್ನೂ ಬಿಡುಗಡೆಯಾಗಿರುವುದಿಲ್ಲ. ಎರಡು ನಿಮಿಷ ತಡೆದು ಒತ್ತಿ. ಆಮೇಲೆ ಫೈರ್‌ವಾಲ್‌ನ ಇನ್‌ಬೌಂಡ್ ರೂಲಿನಲ್ಲಿ ಟಿಸಿಪಿ 27000 ಮತ್ತು 27010 ಎರಡಕ್ಕೂ ಅನುಮತಿ ಕೊಡಿ, ಲ್ಯಾಬಿನ ಐಪಿ ಸಾಲಿಗೆ ಮಾತ್ರ ಸೀಮಿತಗೊಳಿಸಿ.

ಪಿಂಗ್ ಹೋಯಿತು ಎಂದರೆ ಏನೂ ಸಾಬೀತಾಗುವುದಿಲ್ಲ. ವಿದ್ಯಾರ್ಥಿಯ ಕಂಪ್ಯೂಟರಿನಲ್ಲಿ ಪವರ್‌ಶೆಲ್ ತೆರೆದು ಟೆಸ್ಟ್-ನೆಟ್‌ಕನೆಕ್ಷನ್ ಆಜ್ಞೆಗೆ ಸರ್ವರಿನ ಹೆಸರು, ಪೋರ್ಟ್ ಕೊಟ್ಟು ಎರಡೂ ಪೋರ್ಟಿಗೆ ‘ಟ್ರೂ’ ಬರುತ್ತದೆಯೇ ನೋಡಿ. ಹೆಸರು ಕೊಟ್ಟಾಗ ಸೋತು ಐಪಿ ಕೊಟ್ಟಾಗ ಗೆದ್ದರೆ ತಕರಾರು ಹೆಸರನ್ನು ಐಪಿಗೆ ಬದಲಿಸುವ ಡಿಎನ್‌ಎಸ್‌ನದು. ನಿಮಗೆ ಆಗಾಗ -96 ಬರುತ್ತಿರುವುದರಿಂದ ಅದೂ ಇರಬಹುದೆಂಬ ಅನುಮಾನ ನಮಗಿದೆ. ಹೊಸ ರೌಟರಿಗೆ ನಿಮ್ಮ ಸರ್ವರಿನ ಹೆಸರು ಗೊತ್ತಿರುವುದಿಲ್ಲ. ಸರ್ವರಿಗೆ ಸ್ಥಿರ ಐಪಿ ಕೊಟ್ಟು, ಪ್ರತಿ ಕಂಪ್ಯೂಟರಿನ ಹೋಸ್ಟ್ಸ್ ಫೈಲಿನಲ್ಲಿ ಆ ಐಪಿ ಮತ್ತು ಹೆಸರಿನ ಒಂದು ಸಾಲು ಸೇರಿಸಿದರೆ ಮುಗಿಯಿತು.

ಇಷ್ಟಾದ ಮೇಲೂ ಒಂದೆರಡು ಕಂಪ್ಯೂಟರ್ ಹಟ ಹಿಡಿದರೆ ಅವು ಹಳೆಯ ವಿಳಾಸವನ್ನು ನೆನಪಿಟ್ಟುಕೊಂಡಿವೆ. ಎಲ್‌ಎಂ_ಲೈಸೆನ್ಸ್_ಫೈಲ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ನೋಡಿ. ಅದರಲ್ಲಿ ಪೋರ್ಟ್, ಅಟ್ ಚಿಹ್ನೆ, ಸರ್ವರಿನ ಹೆಸರು ಹೀಗೆ ವಿಳಾಸವಿರುತ್ತದೆ. ಅದರ ಹೊರತಾಗಿ ವಿಂಡೋಸ್ ರಿಜಿಸ್ಟ್ರಿಯ ‘ಫ್ಲೆಕ್ಸ್‌ಎಲ್‌ಎಂ ಲೈಸೆನ್ಸ್ ಮ್ಯಾನೇಜರ್’ ಕೀಯಲ್ಲೂ ಹಿಂದೆ ಕೆಲಸ ಮಾಡಿದ ವಿಳಾಸ ಉಳಿದಿರುತ್ತದೆ. ಎಲ್ಲರೂ ಮರೆಯುವ ಜಾಗ ಇದು.

ಪ್ರಶ್ನೆ: ಸರ್ವೆ ಕೆಲಸದ ಕಚೇರಿಯಲ್ಲಿ ಐದು ಸೀಟಿನ ಲೈಸೆನ್ಸ್ ಇದೆ. ಮೂರೇ ಜನ ಕೆಲಸ ಮಾಡುತ್ತಿದ್ದರೂ ನಾಲ್ಕನೆಯವರಿಗೆ -4, ಅಂದರೆ ಎಲ್ಲ ಸೀಟು ಭರ್ತಿ ಎಂದು ಬರುತ್ತದೆ. (ಶಿರಸಿ)

ಉತ್ತರ: ಯಾರ ಹತ್ತಿರ ಇದೆ ಎಂದು ಸರ್ವರನ್ನೇ ಕೇಳಿ. ಎಲ್‌ಎಂಯುಟಿಲ್ ಎಲ್‌ಎಂಸ್ಟ್ಯಾಟ್ -ಎ ಆಜ್ಞೆ ಕೊಟ್ಟರೆ ಪ್ರತಿ ಸೀಟಿಗೂ ಒಂದೊಂದು ಸಾಲು ಬರುತ್ತದೆ: ಬಳಕೆದಾರ, ಕಂಪ್ಯೂಟರ್, ಡಿಸ್‌ಪ್ಲೇ, ಆವೃತ್ತಿ, ಆವರಣದಲ್ಲಿ ಸರ್ವರಿನ ಹೆಸರು, ಪೋರ್ಟ್, ಒಂದು ಹ್ಯಾಂಡಲ್ ಸಂಖ್ಯೆ, ಕೊನೆಗೆ ಪಡೆದ ದಿನ ಮತ್ತು ವೇಳೆ. ನಿನ್ನೆ ಸಂಜೆಯ ವೇಳೆ ಕಂಡರೆ ಯಾರೋ ಸಾಫ್ಟ್‌ವೇರ್ ಮುಚ್ಚದೆ ಮನೆಗೆ ಹೋಗಿದ್ದಾರೆ.

ಒಬ್ಬರ ಹೆಸರೇ ಎರಡು ಸಾಲಿನಲ್ಲಿ ಬಂದರೆ ಡಿಸ್‌ಪ್ಲೇ ಅಂಕಣ ನೋಡಿ. ಹಗಲು ಕಚೇರಿಯಲ್ಲಿ ಕೂತು ಕೆಲಸ ಮಾಡಿದವರು ರಾತ್ರಿ ಮನೆಯಿಂದ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಅದೇ ಕಂಪ್ಯೂಟರಿಗೆ ಬಂದು ಇನ್ನೊಂದು ಸಲ ಸಾಫ್ಟ್‌ವೇರ್ ತೆರೆದರೆ ಡಿಸ್‌ಪ್ಲೇ ಹೆಸರು ಬೇರೆಯಾಗುತ್ತದೆ. ಬಳಕೆದಾರ, ಕಂಪ್ಯೂಟರ್, ಡಿಸ್‌ಪ್ಲೇ ಮೂರೂ ಒಂದೇ ಆದರೆ ಮಾತ್ರ ಒಂದು ಸೀಟು ಎಂದು ಲೈಸೆನ್ಸ್ ಬರೆದಿದ್ದರೆ, ಸರ್ವರ್ ಇದನ್ನು ಎರಡನೇ ಸೀಟೆಂದು ಎಣಿಸುತ್ತದೆ. ಶಿರಸಿಯಂಥ ಊರಿನಲ್ಲಿ ಈಗ ಮನೆಯಿಂದಲೇ ಕೆಲಸ ಮಾಡುವವರು ಹೆಚ್ಚಾಗಿರುವುದರಿಂದ ಮೊದಲು ಇದನ್ನೇ ನೋಡಿ.

ಸಿಕ್ಕಿಬಿದ್ದ ಸೀಟು ಬಿಡಿಸಲು ಎಲ್‌ಎಂರಿಮೂವ್ -ಎಚ್ ಇದೆ. ಅದಕ್ಕೆ ಫೀಚರಿನ ಹೆಸರು, ಸರ್ವರಿನ ಹೆಸರು, ಪೋರ್ಟ್, ಆ ಹ್ಯಾಂಡಲ್ ಸಂಖ್ಯೆ ಇದೇ ಕ್ರಮದಲ್ಲಿ ಕೊಡಬೇಕು. ಆ ಕಡೆ ಸಾಫ್ಟ್‌ವೇರ್ ನಿಜವಾಗಿಯೂ ತೆರೆದಿದ್ದರೆ ಸ್ವಲ್ಪ ಹೊತ್ತಿನಲ್ಲಿ ಸೀಟನ್ನು ಅದು ಮತ್ತೆ ಎಳೆದುಕೊಳ್ಳುತ್ತದೆ, ಹಾಗಾಗಿ ಇದು ಹ್ಯಾಂಗ್ ಆಗಿ ಸತ್ತ ಕಂಪ್ಯೂಟರಿಗೆ ಮಾತ್ರ ಮದ್ದು. ದಿನನಿತ್ಯಕ್ಕೆ ಬೇಕಾದದ್ದು ಟೈಮ್‌ಔಟ್. ವೆಂಡರ್ ಡೀಮನ್ನಿನ ಹೆಸರಿನಲ್ಲೇ .ಒಪಿಟಿ ಫೈಲೊಂದನ್ನು (ಆಪ್ಷನ್ಸ್ ಫೈಲ್) ಲೈಸೆನ್ಸ್ ಫೈಲಿನ ಪಕ್ಕದಲ್ಲಿಟ್ಟು ಟೈಮ್‌ಔಟ್‌ಆಲ್ 3600 ಎಂಬ ಒಂದೇ ಸಾಲು ಬರೆಯಿರಿ. ಒಂದು ತಾಸು ಸುಮ್ಮನಿದ್ದ ಸೀಟು ವಾಪಸು ಬರುತ್ತದೆ. ಕಂಪನಿ ಕನಿಷ್ಠ ಮಿತಿ ಇಟ್ಟಿರುತ್ತದೆ; ಆಟೋಡೆಸ್ಕ್‌ಗೆ ಅದು 900 ಸೆಕೆಂಡು. ಅದಕ್ಕಿಂತ ಕಡಿಮೆ ಬರೆದರೆ ಪ್ರಯೋಜನವಿಲ್ಲ.

ಸರ್ವೀಸ್ ಮರಳಿ ಶುರುವಾದ ಮೇಲೆ ಲಾಗಿನಲ್ಲಿ ‘ಯೂಸಿಂಗ್ ಆಪ್ಷನ್ಸ್ ಫೈಲ್’ ಎಂಬ ಸಾಲು ಬರಬೇಕು. ಬರದಿದ್ದರೆ ನೋಟ್‌ಪ್ಯಾಡ್ ನಿಮ್ಮ ಫೈಲಿಗೆ .ಟಿಎಕ್ಸ್‌ಟಿ ಬಾಲ ಅಂಟಿಸಿರುತ್ತದೆ. ಈಗಾಗಲೇ ಅಂಥ ಫೈಲಿದ್ದು ಅದರಲ್ಲಿ ರಿಸರ್ವ್ ಎಂಬ ಸಾಲು ಕಂಡರೆ ಉತ್ತರ ಅಲ್ಲೇ ಸಿಕ್ಕಿತು. ಸಾಹೇಬರ ಹೆಸರಿಗೆ ಎರಡು ಸೀಟು ರಿಸರ್ವ್ ಮಾಡಿಟ್ಟರೆ ಅವರು ವರ್ಷವಿಡೀ ಬಳಸದಿದ್ದರೂ ಉಳಿದವರಿಗೆ ಮೂರೇ ಸೀಟು. ರಿಸರ್ವ್ ತೆಗೆದು, ಬೇಕಿದ್ದರೆ ಮ್ಯಾಕ್ಸ್ ಬಳಸಿ ಒಬ್ಬೊಬ್ಬರ ಮೇಲ್ಮಿತಿ ಕಟ್ಟಿ. ಗುಂಪುಗಳಲ್ಲಿ ಬಳಕೆದಾರರ ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆಬೇರೆ ಎಂದು ಸರ್ವರ್ ನೋಡುವುದರಿಂದ, ಫೈಲಿನ ಮೊದಲ ಸಾಲಿಗೆ ಗ್ರೂಪ್‌ಕೇಸ್‌ಇನ್‌ಸೆನ್ಸಿಟಿವ್ ಆನ್ ಹಾಕಿಬಿಡುವುದು ಕ್ಷೇಮ.

ಪ್ರಶ್ನೆ: ಹೆದ್ದಾರಿ ಸೈಟಿನಲ್ಲಿ ಇಂಟರ್‌ನೆಟ್ ಇರುವುದಿಲ್ಲವೆಂದು ಲ್ಯಾಪ್‌ಟಾಪಿಗೆ 30 ದಿನಕ್ಕೆ ಲೈಸೆನ್ಸ್ ಬಾರೋ (ಸರ್ವರಿನಿಂದ ಸೀಟು ಕಡ) ಮಾಡಿಕೊಟ್ಟಿದ್ದೆವು. ಮಳೆಯಲ್ಲಿ ನೆನೆದು ಲ್ಯಾಪ್‌ಟಾಪ್ ಸತ್ತಿತು. ಆ ಸೀಟು ವಾಪಸು ಪಡೆಯುವುದು ಹೇಗೆ? (ಅಂಕೋಲಾ)

ಉತ್ತರ: ಲ್ಯಾಪ್‌ಟಾಪ್ ಜೀವಂತವಿದ್ದಿದ್ದರೆ ಅದನ್ನು ಕಚೇರಿಯ ನೆಟ್‌ವರ್ಕಿಗೆ ಜೋಡಿಸಿ ಎಲ್‌ಎಂಬಾರೋ -ರಿಟರ್ನ್ ಕೊಡಬಹುದಿತ್ತು. ಈಗ ಅವಧಿ ಮುಗಿಯುವವರೆಗೆ ಕಾಯಬೇಕು. ಸರ್ವರ್ ಮರುಪ್ರಾರಂಭಿಸಿದರೂ ಆ ಲೆಕ್ಕ ಅಳಿಸುವುದಿಲ್ಲ, ಎಲ್‌ಎಂರಿಮೂವ್ ಕೂಡ ಬಾರೋ ಸೀಟನ್ನು ಮುಟ್ಟುವುದಿಲ್ಲ. ಹಾರ್ಡ್‌ಡಿಸ್ಕ್ ಉಳಿದಿದ್ದರೂ ಅದನ್ನು ಬೇರೆ ಯಂತ್ರಕ್ಕೆ ಹಾಕಿದರೆ ನಡೆಯದು. ಅವಸರವಿದ್ದರೆ ಸಾಫ್ಟ್‌ವೇರ್ ಮಾರಿದವರನ್ನು ಕೇಳಿ, ಕೆಲವರು ತಾತ್ಕಾಲಿಕ ಲೈಸೆನ್ಸ್ ಕೊಡುತ್ತಾರೆ. ಮುಂದಕ್ಕೆ ಆಪ್ಷನ್ಸ್ ಫೈಲಿನಲ್ಲಿ ಮ್ಯಾಕ್ಸ್_ಬಾರೋ_ಅವರ್ಸ್ ಸಾಲಿಗೆ ಫೀಚರಿನ ಹೆಸರು ಮತ್ತು 168 ಹಾಕಿ. ವಾರಕ್ಕೊಮ್ಮೆ ಸೈಟಿನವರು ಕಚೇರಿಗೆ ಬಂದೇ ಬರುತ್ತಾರೆ, ಆಗ ನವೀಕರಿಸಿಕೊಳ್ಳಲಿ.

ಪ್ರಶ್ನೆ: ಹಳೆಯ ಸರ್ವರ್ ಕೆಟ್ಟಿತು. ಹೊಸದರಲ್ಲಿ ಅದೇ ಲೈಸೆನ್ಸ್ ಫೈಲ್ ಹಾಕಿದರೆ -9, ಅಂದರೆ ಹೋಸ್ಟ್ ಐಡಿ ಹೊಂದುತ್ತಿಲ್ಲ ಎಂದು ಬರುತ್ತದೆ. ಹೊಸ ಕಾರ್ಡಿನ ಮ್ಯಾಕ್ ವಿಳಾಸವನ್ನು ಹಳೆಯದರಂತೆ ಬದಲಿಸುವ ಉಪಾಯವನ್ನು ಒಬ್ಬರು ಹೇಳಿದರು. ಮಾಡಬಹುದೇ? (ಹೊನ್ನಾವರ)

ಉತ್ತರ: ಮಾಡಬೇಡಿ. ಅದು ಲೈಸೆನ್ಸ್ ಕರಾರಿನ ಉಲ್ಲಂಘನೆ, ಅಲ್ಲದೆ ನಾಳೆ ಡ್ರೈವರ್ ನವೀಕರಣವಾದಾಗ ಮ್ಯಾಕ್ ಮೊದಲಿನಂತಾಗಿ ಮತ್ತೆ ಬೀದಿಗೆ ಬರುತ್ತೀರಿ. ಕಂಪನಿಗೆ ಬರೆದು ಹೊಸ ಹೋಸ್ಟ್ ಐಡಿಗೆ ಲೈಸೆನ್ಸ್ ಮರುಮಾಡಿಸಿಕೊಳ್ಳಿ. ಹೋಸ್ಟ್ ಐಡಿ ಕಳಿಸುವ ಮೊದಲು ಯಾವ ಕಾರ್ಡಿನದು ಎಂದು ಯೋಚಿಸಿ. ಎಲ್‌ಎಂಹೋಸ್ಟ್‌ಐಡಿ ಆಜ್ಞೆ ಮೂರು ನಾಲ್ಕು ಸಂಖ್ಯೆ ತೋರಿಸಿದರೆ ವೈಫೈ, ಯುಎಸ್‌ಬಿ ಅಡಾಪ್ಟರ್, ವಿಪಿಎನ್, ಹೈಪರ್-ವಿ ಸೃಷ್ಟಿಸಿದ ವರ್ಚುವಲ್ ಕಾರ್ಡುಗಳೂ ಅದರಲ್ಲಿರುತ್ತವೆ. ಮದರ್‌ಬೋರ್ಡಿನ ಮೇಲಿನ ಈಥರ್‌ನೆಟ್ ಕಾರ್ಡಿನ ಸಂಖ್ಯೆಯನ್ನೇ ಆರಿಸಿ, ಐಪಿಕಾನ್ಫಿಗ್ /ಆಲ್ ಜೊತೆ ತಾಳೆ ನೋಡಿ, ಅಡ್ಡಗೆರೆಗಳನ್ನು ತೆಗೆದು ಕಳಿಸಿ. ಸಾಧ್ಯವಿದ್ದರೆ ಲೈಸೆನ್ಸನ್ನು ವರ್ಚುವಲ್ ಯಂತ್ರದಲ್ಲಿಟ್ಟು ಅದಕ್ಕೆ ಸ್ಥಿರ ಮ್ಯಾಕ್ ಕೊಡಬಹುದು, ಆದರೆ ಎಲ್ಲ ಕಂಪನಿಗಳೂ ಇದಕ್ಕೆ ಒಪ್ಪುವುದಿಲ್ಲ. ಮೊದಲು ಕರಾರು ಓದಿ.

ಪ್ರಶ್ನೆ: ಅಡಿಕೆ ವ್ಯಾಪಾರದ ಅಂಗಡಿಯಲ್ಲಿ ಟ್ಯಾಲಿ ಗೋಲ್ಡ್ ಇದೆ, ನಾಲ್ಕು ಕಂಪ್ಯೂಟರ್. ಆಗಾಗ ಮೂರು ಕಂಪ್ಯೂಟರುಗಳಲ್ಲಿ ಎಜುಕೇಶನಲ್ ಮೋಡ್ (ಲೈಸೆನ್ಸ್ ಇಲ್ಲದಾಗಿನ ಕಲಿಕೆಯ ಸ್ಥಿತಿ) ಬರುತ್ತದೆ. (ಶಿರಸಿ)

ಉತ್ತರ: ಲೈಸೆನ್ಸ್ ಕೂತಿರುವುದು ಒಂದೇ ಕಂಪ್ಯೂಟರಿನಲ್ಲಿ. ಉಳಿದ ಮೂರು 9999ನೇ ಪೋರ್ಟಿನಲ್ಲಿ ಅದನ್ನು ಕೇಳುತ್ತವೆ. ಆ ಮುಖ್ಯ ಕಂಪ್ಯೂಟರ್ ಸ್ಲೀಪ್‌ಗೆ ಹೋದರೆ, ಇಲ್ಲವೇ ಅದರ ಐಪಿ ಬದಲಾದರೆ, ಉಳಿದವು ಎಜುಕೇಶನಲ್‌ಗೆ ಬೀಳುತ್ತವೆ. ಆ ಕಂಪ್ಯೂಟರಿನ ಪವರ್ ಸೆಟ್ಟಿಂಗಿನಲ್ಲಿ ಸ್ಲೀಪ್ ‘ನೆವರ್’ ಮಾಡಿ, ಸ್ಥಿರ ಐಪಿ ಕೊಡಿ, ಫೈರ್‌ವಾಲ್ ಮತ್ತು ಆಂಟಿವೈರಸ್ ಎರಡರಲ್ಲೂ 9999 ತೆರೆಯಿರಿ. ಬೆಳಿಗ್ಗೆ ಅಂಗಡಿ ತೆರೆದಾಗ ಮೊದಲು ಆ ಕಂಪ್ಯೂಟರನ್ನೇ ಹಾಕುವ ರೂಢಿ ಮಾಡಿಕೊಳ್ಳಿ. ಫಾರ್ಮ್ಯಾಟ್ ಮಾಡಿಸುವ ಪ್ರಸಂಗ ಬಂದರೆ ಅದಕ್ಕೂ ಮುಂಚೆ ಲೈಸೆನ್ಸ್ ಸರೆಂಡರ್ ಮಾಡಬೇಕು. ರಿಪೇರಿಯವರಿಗೆ ಈ ಮಾತನ್ನು ನೀವೇ ಹೇಳಿ, ಅವರಾಗಿ ವಿಚಾರಿಸುವುದಿಲ್ಲ.

ಪ್ರಶ್ನೆ: ಸಂಸ್ಥೆಯಲ್ಲಿ ಕೆಎಂಎಸ್ ಸರ್ವರ್ (ಒಳಗಿನ ಕಂಪ್ಯೂಟರುಗಳ ವಿಂಡೋಸ್ ಆ್ಯಕ್ಟಿವೇಟ್ ಮಾಡುವ ಸರ್ವರ್) ಇದೆ. ಒಂದು ಕಂಪ್ಯೂಟರ್ ಸಿದ್ಧಮಾಡಿ ಅದನ್ನೇ 32 ಕಂಪ್ಯೂಟರಿಗೆ ಕ್ಲೋನ್ ಮಾಡಿದೆವು. ಒಂದೂ ಆ್ಯಕ್ಟಿವೇಟ್ ಆಗುತ್ತಿಲ್ಲ, 0ಎಕ್ಸ್‌ಸಿ004ಎಫ್038 ಎಂದು ಬರುತ್ತದೆ. (ಕಾರವಾರ)

ಉತ್ತರ: ಕನಿಷ್ಠ 25 ಬೇರೆಬೇರೆ ಕಂಪ್ಯೂಟರುಗಳು ಕೇಳಿಕೊಂಡ ಮೇಲೆಯೇ ಕೆಎಂಎಸ್ ಸಾಮಾನ್ಯ ವಿಂಡೋಸನ್ನು ಆ್ಯಕ್ಟಿವೇಟ್ ಮಾಡುತ್ತದೆ (ವಿಂಡೋಸ್ ಸರ್ವರಿಗೂ ಆಫೀಸಿಗೂ 5 ಸಾಕು). ನಿಮ್ಮ 32 ಕಂಪ್ಯೂಟರಿಗೂ ಕ್ಲೋನಿನಿಂದ ಬಂದ ಒಂದೇ ಸಿಎಂಐಡಿ (ಕಂಪ್ಯೂಟರಿನ ಗುರುತು ಸಂಖ್ಯೆ) ಇರುವುದರಿಂದ ಸರ್ವರಿನ ಕಣ್ಣಿಗೆ ಅದು ಒಂದೇ ಕಂಪ್ಯೂಟರ್. ಸರ್ವರಿನಲ್ಲಿ ಎಸ್‌ಎಲ್‌ಎಂಜಿಆರ್ /ಡಿಎಲ್‌ವಿ ಕೊಟ್ಟು ‘ಕರೆಂಟ್ ಕೌಂಟ್’ ನೋಡಿ, 1 ಇರುತ್ತದೆ. ಯಾವುದೇ ಎರಡು ಕಂಪ್ಯೂಟರಿನಲ್ಲಿ ಇದೇ ಆಜ್ಞೆ ಕೊಟ್ಟು ಸಿಎಂಐಡಿ ಹೋಲಿಸಿದರೆ ಖಾತ್ರಿಯಾಗುತ್ತದೆ.

ಪ್ರತಿ ಕಂಪ್ಯೂಟರಿನಲ್ಲೂ ಅಡ್ಮಿನಿಸ್ಟ್ರೇಟರ್ ಆಗಿ ಎಸ್‌ಎಲ್‌ಎಂಜಿಆರ್ /ರೀಆರ್ಮ್ (ಇದು ಹೊಸ ಸಿಎಂಐಡಿ ಕೊಡುತ್ತದೆ), ರೀಸ್ಟಾರ್ಟ್, ಆಮೇಲೆ ಎಸ್‌ಎಲ್‌ಎಂಜಿಆರ್ /ಎಟಿಒ. ಮೊದಲ 24 ಕಂಪ್ಯೂಟರಿಗೆ ಅದೇ ದೋಷ ಮತ್ತೆ ಬರುತ್ತದೆ, ಹೆದರಬೇಡಿ. 25ನೆಯದಕ್ಕೆ ಲೆಕ್ಕ ಮುಟ್ಟುತ್ತದೆ, ಹಿಂದಿನವು ಎರಡು ತಾಸಿನೊಳಗೆ ತಾವಾಗಿಯೇ ಮತ್ತೆ ಕೇಳಿ ಪಡೆಯುತ್ತವೆ. ರೀಆರ್ಮ್‌ಗೆ ಮಿತಿಯಿದೆ, ಸುಮ್ಮನೆ ಹೊಡೆಯುತ್ತಿರಬೇಡಿ. ಮುಂದಿನ ಸಲ ಕ್ಲೋನ್ ಮಾಡುವ ಮೊದಲು ಮೂಲ ಕಂಪ್ಯೂಟರಿನಲ್ಲಿ ಯಂತ್ರದ ಗುರುತುಗಳನ್ನು ಅಳಿಸುವ ಸಿಸ್‌ಪ್ರೆಪ್ /ಜನರಲೈಸ್ ನಡೆಸಿ.

ಒಮ್ಮೆ ಆ್ಯಕ್ಟಿವೇಟ್ ಆದರೆ 180 ದಿನ. ಕಂಪ್ಯೂಟರ್ ಏಳು ದಿನಕ್ಕೊಮ್ಮೆ ನವೀಕರಣ ಕೇಳುತ್ತದೆ. ರಜೆಯಲ್ಲಿ ಲ್ಯಾಬ್ ಎರಡು ತಿಂಗಳು ಮುಚ್ಚಿದ್ದರೂ ತೊಂದರೆಯಿಲ್ಲ. ದೋಷದ ಕೊನೆ 038 ಅಲ್ಲದೆ 074 ಆಗಿದ್ದರೆ ಮಾತ್ರ ಟಿಸಿಪಿ 1688 ಪೋರ್ಟ್ ಮತ್ತು ಡಿಎನ್‌ಎಸ್ ಕಡೆ ಹೋಗಿ.

ಪ್ರಶ್ನೆ: ಲೈಸೆನ್ಸ್ ಮುಗಿಯಲು ಇನ್ನೂ ಎಂಟು ತಿಂಗಳಿದೆ. ಆದರೂ -88 ಬರುತ್ತಿದೆ. ಸರ್ವರಿನ ಗಡಿಯಾರ ಸರಿಯಾಗಿಯೇ ಇದೆ. (ದಾಂಡೇಲಿ)

ಉತ್ತರ: ಈಗ ಸರಿಯಿದೆ, ನಡುವೆ ಒಮ್ಮೆ ಇರಲಿಲ್ಲ. -88 ಎಂದರೆ ಯಾರೋ ಗಡಿಯಾರ ಹಿಂದಕ್ಕೆ ತಿರುಗಿಸಿದ್ದಾರೆ ಎಂಬ ಅನುಮಾನ. ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ದುರ್ಬಲವಾಗಿ ದಿನಾಂಕ ಏರುಪೇರಾದಾಗ ಅಥವಾ ಯಾರಾದರೂ ಬಯೋಸ್‌ನಲ್ಲಿ ವರ್ಷ ತಪ್ಪಾಗಿ ಹಾಕಿದಾಗ ಸರ್ವರ್ ಒಂದು ದಿನ ಮುಂದಿನ ವರ್ಷದಲ್ಲಿ ಎದ್ದಿರುತ್ತದೆ. ಆ ಹೊತ್ತಿನಲ್ಲಿ ವಿಂಡೋಸ್ ಬರೆದ ಫೈಲುಗಳ ಮೇಲೆ ಭವಿಷ್ಯದ ದಿನಾಂಕ ಉಳಿದುಬಿಡುತ್ತದೆ. ಸಿ ಡ್ರೈವಿನಲ್ಲಿ, ವಿಂಡೋಸ್ ಮತ್ತು ಟೆಂಪ್ ಫೋಲ್ಡರುಗಳಲ್ಲಿ ದಿನಾಂಕದ ಕ್ರಮದಲ್ಲಿ ಜೋಡಿಸಿ ನೋಡಿ. ಟೆಂಪ್ ಫೈಲಾದರೆ ಅಳಿಸಿ, ಉಳಿದವುಗಳ ದಿನಾಂಕವನ್ನು ಪವರ್‌ಶೆಲ್‌ನಲ್ಲಿ ಲಾಸ್ಟ್‌ರೈಟ್‌ಟೈಮ್ ಬದಲಿಸಿ ಇಂದಿಗೆ ತನ್ನಿ. ಬ್ಯಾಟರಿಯನ್ನು ಮೀಟರಿನಲ್ಲಿ ಅಳೆಯಿರಿ, 3 ವೋಲ್ಟಿಗಿಂತ ಗಮನಾರ್ಹವಾಗಿ ಕೆಳಗಿದ್ದರೆ ಬದಲಿಸಿ. ಆಮೇಲೆ ಡಬ್ಲ್ಯೂ32ಟಿಎಂ /ರೀಸಿಂಕ್ ಕೊಟ್ಟು ಸಮಯ ಹೊಂದಿಸಿ ಲೈಸೆನ್ಸ್ ಸರ್ವೀಸ್ ಮರಳಿ ಶುರುಮಾಡಿ. ಕೆಲವು ಕಂಪನಿಗಳು ಲೈಸೆನ್ಸನ್ನು ಫೈಲಿನಲ್ಲಿಡದೆ ಟ್ರಸ್ಟೆಡ್ ಸ್ಟೋರೇಜಿನಲ್ಲಿ (ಕಂಪ್ಯೂಟರಿನೊಳಗಿನ ಸಂರಕ್ಷಿತ ಜಾಗದಲ್ಲಿ) ಇಟ್ಟಿರುತ್ತವೆ. ನಿಮ್ಮದೂ ಹಾಗಿದ್ದರೆ ಇದು ನಿಮ್ಮ ಕೈಯಲ್ಲಿ ಬಗೆಹರಿಯದು, ಮಾರಿದವರೇ ರಿಪೇರಿ ಮಾಡಿಕೊಡಬೇಕು.